ಮೇಷ್ಟ್ರು ಮೊದ್ಲು ಏನಾಗಿದ್ರು? (ಭಾಗ 4)

"19ಕ್ಕ ಡ್ಯಾನ್ಸ್ ಕಲೀತಿಯೇನ? ಎಲುಬು ಬಲತಾವ, ಬಿಡವಾ," ಅಂದ್ಳು ಅಜ್ಜಿ. ನಂಗೆ ಉತ್ತರ ಹೊಳೀಲಿಲ್ಲ.

ಬೇವೂರಿನ ನಮ್ಮನಿ ಮಾಳಿಗಿ ಮ್ಯಾಲೆ ಕೂತು ಹೆಸರಘಟ್ಟದ ನೃತ್ಯಗ್ರಾಮದ ಬಗ್ಗೆ ಓದಿದೆ. 1990ರಲ್ಲಿ ಅದನ್ನ ಶುರು ಮಾಡಿದ ಪ್ರೊತಿಮಾ ಬೇಡಿ ಮೊದಲು ಮಾಡೆಲ್. ಒಡಿಸ್ಸಿ ಕಲಿಯೋಕೆ ಹೋದಾಗ ಅವರಿಗೆ 26! ಅವರ ಗುರು ಕೇಳುಚರಣ ಮಹಾಪಾತ್ರ ಅಲ್ಲಿಗೂ ಬಂದು ಕಲಿಸಿದ್ರು. ಚಿಕ್ಕವರಿದ್ದಾಗ ಅವರು ಹೆಣ್ಣುವೇಷ ಹಾಕಿ ಗೋಟಿಪುವಾ ಕುಣಿದವರು, ನಮ್ಮ ದೊಡ್ಡಾಟದಾಗ ಗಂಡಸ್ರು ಸ್ತ್ರೀಪಾತ್ರ ಮಾಡ್ತಾರಲ್ಲ, ಹಂಗ. ಮದ್ದಳೆನೂ ಬಾರಿಸ್ತಿದ್ರು.

ಬೆಳಿಗ್ಗೆ ಅಜ್ಜಿಗೆ ಎಲ್ಲಾ ಓದಿ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಿದ್ಳು.

"26ಕ್ಕಾ? ಹಂಗಾರ ನಿನಗಿನ್ನೂ ಏಳು ವರ್ಷ ಐತಿ."

ಗೆಜ್ಜಿಗೆ ರೊಕ್ಕ ಅಕಿನ ಕೊಟ್ಟಾಳ.

"ತಡ ಆತು" ಅಂತ ನಿಮಗ ಯಾರಂದ್ರು? ಕಮೆಂಟಿನಾಗ ಹೇಳ್ರಿ.