ನಲವತ್ತೆಂಟು ದಿನದ ಲೆಕ್ಕ

ಮಾಟ-ಮಂತ್ರವೆಂದರೆ ಅಮಾವಾಸ್ಯೆಯ ನಡುರಾತ್ರಿ, ಸ್ಮಶಾನ, ತಲೆಬುರುಡೆ ಎಂದು ಸಿನಿಮಾದವರು ನಮಗೆ ಕಲಿಸಿದ್ದಾರೆ. ನಮ್ಮ ಕೆರಗೋಡಿನ ಕಡೆ ಅದು ಅಷ್ಟು ದೂರದ ಸಂಗತಿಯಲ್ಲ, ಹಲ್ಲುಜ್ಜುವಷ್ಟೇ ನಿತ್ಯದ್ದು. ಮುಸ್ಸಂಜೆ ಮಗು ರಚ್ಚೆ ಹಿಡಿದರೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ. 1990ರ ದಶಕದಲ್ಲಿ ದೆವ್ವವೊಂದು ರಾತ್ರಿ ಬಂದು ಬಾಗಿಲು ತಟ್ಟುತ್ತದೆಂಬ ಗುಲ್ಲೆದ್ದು, ರಾಜ್ಯದ ಎಷ್ಟೋ ಊರುಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆದದ್ದು ಇಂದಿನ ಪೋಷಕರಿಗೆ ನೆನಪಿರಬಹುದು. ಅಳಿಸಿಹೋದರೆ ಮತ್ತೆ ಬರೆಯಬೇಕು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂದು ಅಷ್ಟರಮಟ್ಟಿಗೆ ಅಭಿಮಾನಪಡಬಹುದಿತ್ತು.

ಇವನ್ನೆಲ್ಲ ಕಂಡು ನಾನು ಸಿಡಿಮಿಡಿಗೊಳ್ಳುವವನಲ್ಲ. ಹರಳುಪ್ಪು ಬೆಂಕಿಯಲ್ಲಿ ಚಟಪಟಗುಟ್ಟುವುದು ಹರಳಿನೊಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಅದನ್ನು ಸೀಳುವುದರಿಂದ. ಮಕ್ಕಳಿಗೆ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಆದರೆ ಒಂದು ಮಾತು: ಮೆಣಸಿನಕಾಯಿಯ ಘಾಟು ಬಂದರೆ ದೃಷ್ಟಿ ಹೋಯಿತು, ಬಾರದಿದ್ದರೆ ದೃಷ್ಟಿ ಬಲವಾಗಿತ್ತು ಎನ್ನುತ್ತಾರಲ್ಲ, ಯಾವ ಉತ್ತರ ಬರೆದರೂ ಪಾಸಾಗುವ ಇಂಥ ಪರೀಕ್ಷೆ ನಮ್ಮ ಇಲಾಖೆಯಲ್ಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಹುಡುಗನೊಬ್ಬ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸತೊಡಗಿದ. ಜಾಣ ಹುಡುಗ. ಕರೆದು ಕೇಳಿದೆ. ‘ನಾಕು ಗಂಟೆಗೇ ಏಳ್ಬೇಕು ಸಾ. ಯಾರೋ ನಮ್ ಹಸಿಗೆ ಮಾಡ್ಸವ್ರೆ’ ಎಂದ. ಆರು ಲೀಟರ್ ಕರೆಯುತ್ತಿದ್ದ ಹಸು ನಾಲ್ಕಕ್ಕೆ ಇಳಿದಿತ್ತಂತೆ. ಅಪ್ಪ ಮಂತ್ರವಾದಿಯೊಬ್ಬನ ಹತ್ತಿರ ಹೋಗಿದ್ದ. ಅವನು ನಿಂಬೆಹಣ್ಣು ಕುಯ್ದ, ರಸ ಕೆಂಪಗೆ ಇಳಿಯಿತು. ಮಾಡಿಸಿದವರು ಪಕ್ಕದ ಮನೆಯವರೇ ಎಂದ. ಅಂದರೆ ಹುಡುಗನ ದೊಡ್ಡವ್ವ! ಪರಿಹಾರಕ್ಕೆ ಒಂದು ಮಂಡಲ, ಅಂದರೆ 48 ದಿನ, ಕೊಟ್ಟಿಗೆಯ ನಾಲ್ಕು ಮೂಲೆಗೆ ನಿಂಬೆಹಣ್ಣು ಇಟ್ಟು ಸುತ್ತಬೇಕು. ಆ ಮನೆಯವರ ಜೊತೆ ಮಾತು ಕೂಡದು. ಒಂದು ದಿನ ತಪ್ಪಿದರೂ ಮೊದಲಿನಿಂದ ಶುರು.

ಈ ಕೊನೆಯ ಷರತ್ತಿನಲ್ಲೇ ಅವನ ಜಾಣ್ಮೆಯಿದೆ. 48 ದಿನದಲ್ಲಿ ಒಂದು ದಿನವಾದರೂ ತಪ್ಪದ ಸಂಸಾರ ಯಾವುದು? ಗುಣವಾಗದಿದ್ದರೆ ತಪ್ಪು ನಿಮ್ಮದು. ಅಷ್ಟರಲ್ಲಿ ತಾನಾಗಿ ಗುಣವಾದರೆ ಕೀರ್ತಿ ಅವನದು. ನನಗೆ ಹಸುವಿಗಿಂತ ಚಿಂತೆಯಾದದ್ದು ಬೇರೆಯದಕ್ಕೆ. ದೊಡ್ಡವ್ವನ ಮೊಮ್ಮಗಳು ಅದೇ ತರಗತಿಯಲ್ಲಿದ್ದಳು. ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದ ಇಬ್ಬರೂ ಮುಖ ತಿರುಗಿಸಿ ಕೂರುತ್ತಿದ್ದರು. ಆ ಮುದುಕಿಯನ್ನು ಓಣಿಯ ಮಕ್ಕಳು ಮಾಟಗಾತಿ ಎಂದು ಪಿಸುಗುಟ್ಟಲು ಆರಂಭಿಸಿದ್ದರು.

ಮಾರನೆಯ ದಿನ ಆಮ್ಲ-ಪ್ರತ್ಯಾಮ್ಲದ ಪಾಠವನ್ನೇ ತೆಗೆದುಕೊಂಡೆ. ಚಾಕುವಿಗೆ ದಾಸವಾಳದ ಎಸಳು ಚೆನ್ನಾಗಿ ತಿಕ್ಕಿ ಒಣಗಿಸಿ, ಎಲ್ಲರ ಮುಂದೆ ನಿಂಬೆಹಣ್ಣು ಕುಯ್ದೆ. ಹುಳಿ ತಗುಲಿದ್ದೇ ರಸ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಆರತಿ ತಟ್ಟೆಯಲ್ಲಿ ಕಂಡ ಮಕ್ಕಳಿಗೆ ಇದೇನು ದೊಡ್ಡದಲ್ಲ. ಹುಡುಗ ನಗಲಿಲ್ಲ. ‘ಹಾಲ್ ಯಾಕ್ ಕಮ್ಮಿಯಾಯ್ತು ಹಂಗಾದ್ರೆ?’ ಎಂದ. ಸರಿಯಾದ ಪ್ರಶ್ನೆ. ಗುಟ್ಟು ಬಯಲು ಮಾಡಿದರೆ ಸಾಲದು, ಹಸುವಿಗೆ ಏನಾಗಿದೆ ಎಂದು ಹೇಳಬೇಕಲ್ಲ.

ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಲೋಟದಲ್ಲಿ ತರಿಸಿದೆ. ನೂರು ಮಿಲಿಲೀಟರ್ ನೀರಿಗೆ ಮೂರು ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಒಂದೊಂದು ಹಾಲಿಗೂ ಅಷ್ಟೇ ಪ್ರಮಾಣದ ಆ ನೀರು ಬೆರೆಸಿ ಒಂದು ನಿಮಿಷ ಅಲುಗಾಡಿಸಿದೆವು. ಮೂರು ನೀರಾಗಿಯೇ ಉಳಿದವು. ನಾಲ್ಕನೆಯದು ಗಂಜಿಯಂತೆ ಲೋಳೆಯಾಯಿತು. ಕೆಚ್ಚಲು ಬಾವಿದ್ದರೆ ಹಾಲಿನಲ್ಲಿ ಬಿಳಿಯ ರಕ್ತಕಣಗಳು ಹೆಚ್ಚುತ್ತವೆ. ಸೋಪು ಅವನ್ನು ಒಡೆದಾಗ ಹೊರಬೀಳುವ ಡಿಎನ್‌ಎ ಲೋಳೆ ಕಟ್ಟುತ್ತದೆ. ಹೊರಗಿನಿಂದ ಊತ ಕಾಣದ ಬಾವೂ ಇದರಲ್ಲಿ ಸಿಕ್ಕಿಬೀಳುತ್ತದೆ. ಪಶುವೈದ್ಯರು ಬಂದು ಮೊಲೆಗೆ ಔಷಧಿ ಹಾಕಿದರು, ಆ ದಿನಗಳ ಹಾಲನ್ನು ಡೇರಿಗೆ ಹಾಕಬೇಡಿ ಎಂದರು. ನಿಂಬೆಹಣ್ಣಿನಲ್ಲೇ ಹದಿನೈದು ದಿನ ಕಳೆದಿದ್ದರಿಂದ ಆ ಒಂದು ಮೊಲೆ ಪೂರ್ತಿ ಚೇತರಿಸಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದ್ದರು. 2017ರ ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮನೆಯ ಪೂಜೆ, ಪ್ರದಕ್ಷಿಣೆಗಳನ್ನು ಅದು ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಆದರೆ ದೊಡ್ಡವ್ವನ ಮನೆಗೂ ಇವರ ಮನೆಗೂ ನಡುವೆ ಎದ್ದ ಗೋಡೆ ಸಮಿತಿಗೂ ಕಾಯ್ದೆಗೂ ನಿಲುಕುವಂಥದ್ದಲ್ಲ. ಹುಡುಗನ ಅಪ್ಪ ಇವತ್ತಿಗೂ ಆ ಹೊಸ್ತಿಲು ತುಳಿದಿಲ್ಲ. ಮಕ್ಕಳು ಮಾತ್ರ ಪರೀಕ್ಷೆಗೆ ಮುಂಚೆಯೇ ಬುತ್ತಿ ಹಂಚಿಕೊಳ್ಳತೊಡಗಿದರು.

ಆ ಮನೆಯಲ್ಲಿ ಹುಡುಗನ ಅಜ್ಜಿಯೊಬ್ಬರು ಇದ್ದಾರೆ. ದಿನಾ ಸಂಜೆ ಹಸುವಿಗೆ ದೃಷ್ಟಿ ತೆಗೆಯುವವರು ಅವರೇ. ಕೆಚ್ಚಲನ್ನು ದಿನಾ ಮುಟ್ಟಿ ನೋಡುವವರೂ ಮನೆಯಲ್ಲಿ ಅವರೊಬ್ಬರೇ. ‘ಬಿಸಿ ಐತೆ ಕಣ್ಲಾ’ ಎಂದು ಮೊದಲೇ ಹೇಳಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ವಾರಕ್ಕೊಮ್ಮೆ ಅವರೇ ಸೋಪಿನ ನೀರಿನ ಪರೀಕ್ಷೆ ಮಾಡುತ್ತಾರೆ. ಮಾಡುವ ಮೊದಲು ಲೋಟವನ್ನು ಹಸುವಿಗೆ ಮೂರು ಸುತ್ತು ನಿವಾಳಿಸುತ್ತಾರಂತೆ.