ಎರಡನೆಯ ಯಂತ್ರ

ಯಡ್ರಾಮಿ ಸೀಮೆಯಲ್ಲಿ ವೈಶಾಖಮಾಸದ ಉಷ್ಣತೆಯು 40 ಡಿಗ್ರಿಯನ್ನು ಮೀರುವುದು ವಾಚಕರು ಬಲ್ಲ ವಿಷಯವೇ. ಎರೆನೆಲದ ಧೂಳಾದರೋ ಮುಚ್ಚಿದ ಕದದೊಳಕ್ಕೂ ನುಗ್ಗುವುದು. ಹೊರನಾಡುಗಳಿಂದ ತರಿಸಿದ ದೂರವಾಣಿ ವಿನಿಮಯ ಯಂತ್ರಗಳು ಶೀತಲ ಕೊಠಡಿಯನ್ನು ಬೇಡುತ್ತಿದ್ದುದರಿಂದ ಇಂತಹ ಊರುಗಳಿಗೆ ಒಗ್ಗುವಂತಿರಲಿಲ್ಲ. 1984ರಲ್ಲಿ ಹುಟ್ಟಿದ ಸೀ-ಡಾಟ್ ಸಂಸ್ಥೆಯವರು ಬಿಸಿಲು ಧೂಳುಗಳನ್ನು ತಾಳಬಲ್ಲ, 128 ಸಾಲುಗಳನ್ನು ಕೂಡಿಸುವ ಗ್ರಾಮೀಣ ಯಂತ್ರವೊಂದನ್ನು ನಿರ್ಮಿಸಿದರು. ಅದು 1986ರಲ್ಲಿ ಮೊದಲು ಕೆಲಸಕ್ಕೆ ತೊಡಗಿದ್ದು ಕನ್ನಡ ನಾಡಿನ ಕಿತ್ತೂರಿನಲ್ಲಿಯೇ.

ಶೀತಲ ಕೊಠಡಿ ಬೇಡವೆಂಬುದನ್ನು ಎಲ್ಲರೂ ಹೊಗಳಿದರು. ಅಷ್ಟೇ ಹೊಗಳತಕ್ಕ ಇನ್ನೊಂದು ಗುಣವೂ ಅದರಲ್ಲಿತ್ತು. ಕರೆಗಳನ್ನು ಜೋಡಿಸುವ ನಿಯಂತ್ರಕ ಭಾಗವನ್ನು ಇಮ್ಮಡಿಯಾಗಿ ಇಟ್ಟಿದ್ದರು. ಒಂದು ದುಡಿಯುತ್ತಿರುವಾಗ ಇನ್ನೊಂದು ಕಾದಿರುವುದು; ಮೊದಲನೆಯದು ಕೆಟ್ಟೊಡನೆ ಎರಡನೆಯದು ಭಾರವನ್ನು ಹೊರುವುದು. ನಡುರಾತ್ರಿಯಲ್ಲಿ ಬಾಣಂತಿಗಾಗಿ ವೈದ್ಯರನ್ನು ಕರೆಯುವವನಿಗೆ ಈ ಪಲ್ಲಟವು ತಿಳಿಯಲೂ ತಿಳಿಯದು.

ತಿಳಿಯದಿರುವುದರಲ್ಲಿಯೇ ಅಪಾಯವಿದೆ. ಒಂಟಿಯಂತ್ರ ಕೆಟ್ಟರೆ ಊರೆಲ್ಲ ಗದ್ದಲವೆದ್ದು ದುರಸ್ತಿಯೂ ಬೇಗನೆ ಆಗುವುದು. ಜೋಡಿಯಲ್ಲೊಂದು ಕೆಟ್ಟರೆ ದೀಪವೊಂದು ಉರಿಯುವುದೇ ಹೊರತು ದೂರುವವರಾರೂ ಇಲ್ಲ. ಕಾದಿರುವ ಯಂತ್ರವೇ ಒಳಗೊಳಗೆ ಕೆಟ್ಟಿದ್ದರೆ ಆ ದೀಪವೂ ಉರಿಯದಿರಬಹುದು. ಆದುದರಿಂದ ಬಲ್ಲ ಕೆಲಸಗಾರನು ಕರೆಗಳು ವಿರಳವಾದ ಹೊತ್ತಿನಲ್ಲಿ ಬೇಕೆಂದೇ ಭಾರವನ್ನು ಎರಡನೆಯದಕ್ಕೆ ಹೊರಿಸಿ ಪರೀಕ್ಷಿಸುವನು. ದೂರು ಬಂದಾಗ ಅವನು ಮೊದಲು ಕೇಳುವುದು, ಎಷ್ಟು ಮನೆಗಳ ದೂರವಾಣಿ ನಿಂತಿದೆಯೆಂದು. ಒಂದೇ ಮನೆಯದಾದರೆ ಬೀದಿಯ ತಂತಿಯನ್ನು ನೋಡತಕ್ಕದ್ದು. ಎಂಟರ ಗುಂಪೊಂದಾದರೆ, ಎಂಟೆಂಟು ಸಾಲುಗಳಿಗೊಂದರಂತೆ ಇರುವ ಕಾರ್ಡನ್ನು. ಊರಿಗೆ ಊರೇ ಆದರೆ ವಿದ್ಯುತ್ತನ್ನು, ನಿಯಂತ್ರಕವನ್ನು. ಇಷ್ಟನ್ನು ನಿಶ್ಚಯಿಸದೆ ಯಂತ್ರಗಳನ್ನು ಅದಲುಬದಲು ಮಾಡುವ ಆತುರಗಾರರು ದೋಷದ ಜಾಡನ್ನೇ ಅಳಿಸಿಬಿಡುವರು.

ಎರಡಿದ್ದ ಮಾತ್ರಕ್ಕೆ ಎರಡೆಂದು ಎಣಿಸಲೂ ಆಗದು. 1990ನೆಯ ಜನವರಿ 15ರಂದು ಅಮೇರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ 114 ಸ್ವಿಚ್ಚುಗಳು ಸುಮಾರು 9 ಗಂಟೆಗಳ ಕಾಲ ಬೀಳುತ್ತ ಏಳುತ್ತ ಇದ್ದವು. ಚೇತರಿಸಿಕೊಂಡ ಯಂತ್ರವು ನೆರೆಯವುಗಳಿಗೆ ಕಳುಹಿದ ಸಂದೇಶಗಳೇ ಅವನ್ನು ಕೆಡವುತ್ತಿದ್ದವು. ಅವುಗಳಲ್ಲಿಯೂ ಜೋಡಿ ಪ್ರೊಸೆಸರುಗಳಿದ್ದವು. ಆದರೆ ಎರಡರಲ್ಲಿಯೂ ಇದ್ದುದು ಒಂದೇ ಸಾಫ್ಟ್‌ವೇರು, ಒಂದೇ ತಪ್ಪು.

ಒಂದು ಪದವನ್ನು ಎರಡು ಕಡೆಗೆ ಅನ್ವಯಿಸುವಾಗ ವ್ಯಾಖ್ಯಾನಕಾರರು ಕಾಕಾಕ್ಷಿಗೋಲಕನ್ಯಾಯವನ್ನು ಹೇಳುವುದುಂಟು. ಕಾಗೆಗೆ ಕಣ್ಣಿನ ಗುಳಿಗಳೆರಡು, ಅತ್ತಿತ್ತ ಸರಿಯುವ ಗುಡ್ಡೆಯೊಂದೇ ಎಂದು ಅದರ ತಾತ್ಪರ್ಯ. ಪ್ರಾಣಿಶಾಸ್ತ್ರಜ್ಞರು ಒಪ್ಪಲಾರರು, ದೃಷ್ಟಾಂತಕ್ಕೆ ಅದರಿಂದ ಹಾನಿಯಿಲ್ಲ. ಎರಡು ನಿಯಂತ್ರಕಗಳಿಗೆ ಒಂದೇ ಬ್ಯಾಟರಿಯಿದ್ದರೆ ಅದು ಕಾಗೆಯ ಕಣ್ಣೇ. ಯಡ್ರಾಮಿಯಿಂದ ಹೊರಡುವ ಎರಡು ಕೇಬಲ್ಲುಗಳು ಜೇವರ್ಗಿಯ ದಾರಿಯ ಒಂದೇ ತಗ್ಗಿನಲ್ಲಿ ಮಲಗಿದ್ದರೆ, ರಸ್ತೆ ಅಗೆಯುವವರ ಒಂದೇ ಹೊಡೆತಕ್ಕೆ ಎರಡೂ ತುಂಡಾಗುವುವು. ಒಂದನ್ನು ಸಿಂದಗಿಯ ಕಡೆಯಿಂದ ತರುವುದಕ್ಕೆ ವೆಚ್ಚ ಹೆಚ್ಚೆಂದು ಲೆಕ್ಕ ಬರೆಯುವವರು, ಆ ತಗ್ಗಿನಲ್ಲಿರುವ ಎರಡನೆಯ ಕೇಬಲ್ಲಿನ ಬೆಲೆಯನ್ನು ಯಾವ ಬಾಬಿನಲ್ಲಿ ಬರೆಯುವರೋ ತಿಳಿಯದು.