ಸಂಡೆ ಬಜಾರಿನ ಪಂಪ್ ಸ್ಟವ್

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿದ್ದೀರಾ? ಮುಚ್ಚಿದ ಅಂಗಡಿಗಳ ಮುಂದೆ ಸಂಡೆ ಬಜಾರ್ ತೆರೆದಿರುತ್ತದೆ. ವಾಲ್ವ್ ರೇಡಿಯೊ, ಇದ್ದಿಲ ಇಸ್ತ್ರಿಪೆಟ್ಟಿಗೆ, ಕೈ ಹೊಲಿಗೆ ಯಂತ್ರ, ತಿರುಗದ ಫ್ಯಾನು. ನಮ್ಮ ಕಾಲದ ಮನೆಯೇ ಗೋಣಿತಾಟಿನ ಮೇಲೆ ಕುಳಿತಂತಿರುತ್ತದೆ.

ಮೊನ್ನೆ ಅಲ್ಲಿ ಮೊಮ್ಮಗಳು ಹಿತ್ತಾಳೆಯದೊಂದನ್ನು ಎತ್ತಿ, “ತಾತ, ಇದು ದೀಪವಾ?” ಅಂದಳು. ಪಂಪ್ ಸ್ಟವ್! 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಒಲೆಯ ವಂಶದ್ದು. ಪಂಪ್ ಹೊಡೆದರೆ ಗಾಳಿಯ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಭರ್ರೆಂದು ನೀಲಿಯಾಗಿ ಉರಿಯುತ್ತದೆ. ಬತ್ತಿ ಬೇಡ, ಸರಿಯಾಗಿ ಹತ್ತಿದರೆ ಹೊಗೆಯೂ ಇಲ್ಲ.

ಮೊದಲ ಸಂಬಳದಲ್ಲಿ ಅಮ್ಮನಿಗೆ ಇಂಥದ್ದೇ ತಂದಿದ್ದೆ. ಸೌದೆ ಒಲೆ ಊದಿ ಊದಿ ಕೆಂಪಾಗಿದ್ದ ಅವಳ ಕಣ್ಣು ತಿಳಿಯಾಯಿತು. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಅದನ್ನು ಫಳಫಳ ಬೆಳಗುತ್ತಿದ್ದಳು. ಗ್ಯಾಸ್ ಬಂದ ವರ್ಷ, ಅವಳನ್ನು ಕೇಳದೆ ನಾನದನ್ನು ತೂಕಕ್ಕೆ ಹಾಕಿದೆ. ಅಮ್ಮ ಬೈಯಲಿಲ್ಲ. ಆದರೆ ಸ್ಟವ್ ತೂತಿನ ಕಸ ತೆಗೆಯುವ ಪಿನ್ನನ್ನು ಕೊನೆಯವರೆಗೂ ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

ಚೌಕಾಸಿ ಮಾಡದೆ ಕೊಂಡೆ. ಮನೆಗೆ ಬಂದವಳೇ ಮೊಮ್ಮಗಳು ಹುಣಸೆಹಣ್ಣು ನೆನೆಹಾಕಿದಳು. ನಾನು ಅಮ್ಮನ ಪಿನ್ ಹುಡುಕಿ ತೆಗೆದೆ.

ಮಕ್ಕಳೇ, ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಅಜ್ಜಿಯನ್ನೊಮ್ಮೆ ಕೇಳಿ.